ಮೀಸೆ ಮಾಮನ ಎದೆಯ ಗಂಟು

ಶಾಲೆಯ ವ್ಯಾನ್ ಓಡಿಸುವ ಅವನನ್ನು ಮಕ್ಕಳೆಲ್ಲ ಮೀಸೆ ಮಾಮ ಅಂತಲೇ ಕರೆಯುತ್ತಿದ್ದರು. ಒಂದು ಬೆಳಿಗ್ಗೆ ಸ್ನಾನ ಮಾಡುವಾಗ ಎಡಗಡೆಯ ಮೊಲೆತೊಟ್ಟಿನ ಹಿಂದೆ ಅಂಗಿಯ ಗುಂಡಿಯಷ್ಟು ಗಂಟೊಂದು ಕೈಗೆ ಸಿಕ್ಕಿತು. ಒತ್ತಿದರೆ ನೋವು. ಸೀಟ್ ಬೆಲ್ಟ್ ಉಜ್ಜಿ ಆಗಿರಬೇಕು ಎಂದುಕೊಂಡು ಸುಮ್ಮನಾದ. ಗಂಡಸಿಗೆ ಅಂಥ ಜಾಗದಲ್ಲಿ ಗಂಟು ಅಂದರೆ ಯಾರ ಹತ್ತಿರ ಹೇಳಿಕೊಳ್ಳುವುದು?

ಅಂಗಿ ತಗುಲಿದರೂ ಅವನು ಮುಖ ಕಿವುಚುವುದನ್ನು ಕಂಡ ಹೆಂಡತಿ ಬಾಯಿ ಬಿಡಿಸಿದಳು. ಮರುದಿನವೇ ಆಸ್ಪತ್ರೆಗೆ ಹೊರಡಿಸಿದಳು.

ಸ್ತನ ತಪಾಸಣೆಯ ಕೋಣೆಯ ಹೊರಗೆ ಬೆಂಚುಗಳ ತುಂಬ ಹೆಂಗಸರು. ಅವನು ಮೂಲೆಯಲ್ಲಿ ಮುದುಡಿ ಕೂತ. ಸರದಿ ಬಂದಾಗ ನರ್ಸ್ ಅವನ ಹೆಂಡತಿಯನ್ನು ನೋಡಿ ಒಳಗೆ ಬನ್ನಿಯಮ್ಮ ಎಂದಳು. ಹೆಂಡತಿ ಗಂಡನತ್ತ ಬೆರಳು ತೋರಿಸಿದಳು. ಪಕ್ಕದಲ್ಲಿದ್ದ ಅಜ್ಜಿಯೊಬ್ಬಳು ನಗದೆ ಕಾಲು ಸರಿಸಿ ದಾರಿ ಬಿಟ್ಟಳು. ಅಷ್ಟಕ್ಕೇ ಅವನ ಅರ್ಧ ನಾಚಿಕೆ ಇಳಿಯಿತು.

ಡಾಕ್ಟರಮ್ಮ ಎರಡೂ ಕಡೆ ಮುಟ್ಟಿ ನೋಡಿದರು, ಕಂಕುಳನ್ನೂ ಬಿಡಲಿಲ್ಲ. ಗಂಟು ಅಂದ ಕೂಡಲೇ ಕ್ಯಾನ್ಸರ್ ಅಂತಲ್ಲ, ಕೊಬ್ಬು ಸೇರಿರಬಹುದು, ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿರಬಹುದು, ಕೀವು ಕಟ್ಟಿರಬಹುದು ಎಂದರು. ಗಂಡಸರಿಗೂ ಅಲ್ಲಿ ಚೂರು ಗ್ರಂಥಿ ಇರುತ್ತದೆ, ಕೆಲವು ಮಾತ್ರೆಗಳಿಂದ ಅದು ಊದಿಕೊಳ್ಳುತ್ತದೆ. ಅಪರೂಪಕ್ಕೆ ಕ್ಯಾನ್ಸರೂ ಆಗುವುದುಂಟು, ಬರೀ ಕೈಯಲ್ಲಿ ಮುಟ್ಟಿ ಹೇಳಲಾಗದು ಎಂದು ಬಿಡಿಸಿ ಹೇಳಿ ಸ್ಕ್ಯಾನ್ ಮಾಡಿಸಿದರು, ಸೂಜಿ ಚುಚ್ಚಿ ಪರೀಕ್ಷೆಗೆ ಚೂರು ತೆಗೆದರು.

ವರದಿ ಬರುವ ತನಕ ಅವನ ಮನಸ್ಸು ಎಲ್ಲೆಲ್ಲೋ ಇತ್ತು. ಒಂದು ಸಂಜೆ ಮಗುವೊಂದರ ಮನೆ ದಾಟಿ ಮುಂದೆ ಹೋಗಿ, ಅದು ಅತ್ತ ಮೇಲೆ ವ್ಯಾನ್ ತಿರುಗಿಸಿದ. ಕೊನೆಗೆ ನೋಡಿದರೆ ಊದಿದ್ದು ಗ್ರಂಥಿಯೇ. ರಕ್ತದೊತ್ತಡಕ್ಕೆ ನುಂಗುತ್ತಿದ್ದ ಮಾತ್ರೆಯ ಕೆಲಸ ಅದು. ಡಾಕ್ಟರಮ್ಮ ಮಾತ್ರೆ ಬದಲಾಯಿಸಿದರು.

ಎದೆ ಹಗುರಾಗಿ ಅವನು ನೇರ ಅಕ್ಕನ ಹೊಲಿಗೆ ಅಂಗಡಿಗೆ ಹೋದ. ನರ್ಸ್ ಎಡವಟ್ಟು ಮಾಡಿಕೊಂಡಿದ್ದನ್ನು ಉಪ್ಪುಖಾರ ಹಚ್ಚಿ ಹೇಳತೊಡಗಿದ. ಅಕ್ಕ ಮಿಷನ್ ನಿಲ್ಲಿಸಿದಳು.

"ನಿಂಗೆ ನೋವಿತ್ತಾ?"

"ಇತ್ತು."

"ನಂಗೆ ನೋವೇ ಇಲ್ಲ ಕಣೋ. ಅದಕ್ಕೇ ಸುಮ್ಮನಿದ್ದೆ."

ಕಳೆದ ಚಳಿಗಾಲದಿಂದ ಅವಳ ಬಲಗಡೆ, ಕಂಕುಳಿಗೆ ಹತ್ತಿರ, ಕಲ್ಲಿನಂಥ ಗಂಟು ಇತ್ತಂತೆ. ನೋಯದ್ದಕ್ಕೆ ಯಾಕೆ ಗಲಾಟೆ ಎಂದು ಗಂಡನಿಗೂ ಹೇಳಿರಲಿಲ್ಲ. ನಾಳೆಯೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಅಂದರೆ ಕೈತುಂಬ ಕೆಲಸವಿದೆ ಎಂದು ಮಾತು ಹಾರಿಸಲು ನೋಡಿದಳು.

"ಆ ಬೆಂಚಲ್ಲಿ ಮೀಸೆ ಇಟ್ಕೊಂಡು ನಾನೇ ಕೂತು ಬಂದಿದ್ದೀನಿ," ಎಂದ ಅವನು. "ನಿಂಗೇನಕ್ಕಾ?"

ಅಕ್ಕನದು ಕ್ಯಾನ್ಸರೇ ಆಗಿತ್ತು. ಇನ್ನೂ ಬೇರೆಡೆ ಹರಡಿರಲಿಲ್ಲ. ಆಪರೇಷನ್ ಆಯಿತು, ಔಷಧಿಗೆ ಕೂದಲು ಉದುರಿತು, ಅನ್ನ ಸೇರದ ವಾರಗಳು ಬಂದವು. ತನ್ನ ಗಂಟು ಕರಗುತ್ತಿದ್ದುದನ್ನು ಅವನು ಅವಳೆದುರು ಹೇಳಲೇ ಇಲ್ಲ. ತಾನು ಪಾರಾದೆನಲ್ಲ ಎಂಬ ನೆಮ್ಮದಿಗೇ ನಾಚಿಕೊಂಡ. ಅವಳೇ ಒಂದು ದಿನ ಕೇಳಿ ತಿಳಿದುಕೊಂಡು, ಸದ್ಯ, ಒಂದಾದರೂ ಹೋಯಿತಲ್ಲ ಎಂದಳು.

ಚಿಕಿತ್ಸೆ ಮುಗಿದು ವರ್ಷದ ಮೇಲಾಯಿತು. ಪರೀಕ್ಷೆಗಳಲ್ಲಿ ಏನೂ ಕಾಣುತ್ತಿಲ್ಲ. ಆಪರೇಷನ್ ಆದಾಗಿನಿಂದ ಬಲಗೈ ಬೇಗ ಬಾತುಕೊಳ್ಳುವುದರಿಂದ ಅಕ್ಕ ಮಧ್ಯಾಹ್ನದವರೆಗೆ ಮಾತ್ರ ಹೊಲಿಯುತ್ತಾಳೆ. ಹೊಸ ಬಟ್ಟೆ ಹೊಲಿಸಲು ಬರುವ ಹೆಂಗಸರ ಅಳತೆ ತೆಗೆದಾದ ಮೇಲೆ, ಎಲ್ಲಾದರೂ ಗಂಟು ಗಿಂಟು ಇದೆಯೇನಮ್ಮಾ ಎಂದು ಮೆಲ್ಲಗೆ ಕೇಳುತ್ತಾಳೆ. ಕೆಲವರು ಮುನಿಸಿಕೊಳ್ಳುತ್ತಾರೆ. ಅವಳು ಕೇಳುವುದನ್ನು ಬಿಟ್ಟಿಲ್ಲ.