ಸೊಸೆ ಹೊರಟರೆ ಮೂಕವಾಗುವ ಸ್ಪೀಕರ್

ರಿಪೇರಿ ಮಾಡಿದ ಸ್ಪೀಕರ್ ಮತ್ತೆ ಬಾಯಿ ಮುಚ್ಚಿಕೊಂಡಾಗ ದೊಡ್ಡ ಸೊಸೆಗೆ ಮೈದುನನ ಮೇಲೆ ಗುಮಾನಿ ಹುಟ್ಟಿತು.

ಬದುಕಿಡೀ ಅಚ್ಚುಕೂಟದಲ್ಲಿ ಕರಡು ತಿದ್ದಿದ ಮಾವನ ಕಣ್ಣು ಈಗ ಪೂರ್ತಿ ಹೋಗಿತ್ತು. ಅವಳು ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರನ್ನು ಅವರ ಕಪಾಟಿನ ಮೇಲಿಟ್ಟು, ಬ್ಲೂಟೂತ್ ಸ್ಪೀಕರಿನಲ್ಲಿ ಪುಸ್ತಕ ಓದಿಸುವ ಏರ್ಪಾಟು ಮಾಡಿದ್ದಳು. ಓದು ನಡೆಯುತ್ತಿದ್ದರೆ ಮಾವ ಕುರ್ಚಿ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಓದು ನಿಂತರೆ ಗೋಡೆ ಸವರುತ್ತ ಮೆಟ್ಟಿಲ ಕಡೆ ಹೊರಡುತ್ತಿದ್ದರು. ಆಗಲೇ ಒಮ್ಮೆ ಬಿದ್ದು ಮೊಣಕೈಗೆ ಪೆಟ್ಟು ಮಾಡಿಕೊಂಡಿದ್ದರು.

ಕೆಳಗಡೆ ಫೋಟೋಗೆ ಕಟ್ಟು ಹಾಕುವ ಅಂಗಡಿ ಮೈದುನನದು. ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಮೇಲೆ ಓಡಿ ಓಡಿ ಅವನಿಗೂ ಸಾಕಾಗಿತ್ತು.

"ಈ ವಾರ ನಿಮ್ಮ ಡಬ್ಬಿ ಸರಿ ಹೋಗದಿದ್ರೆ ಅಪ್ಪನ್ನ ವೃದ್ಧಾಶ್ರಮಕ್ಕೆ ಸೇರಿಸೋದೇ ಅತ್ತಿಗೆ. ಅಣ್ಣನೂ ಹ್ಞೂಂ ಅಂದಿದಾನೆ."

ಅಡಾಪ್ಟರ್ ಬದಲಾಯಿಸಿದಳು. ವೈಫೈ ಪೆಟ್ಟಿಗೆಯನ್ನು ದೂರ ಸರಿಸಿದಳು. ಸ್ಪೀಕರಿನ ಹಳೇ ಜೋಡಣೆ ಅಳಿಸಿ ಹೊಸದಾಗಿ ಜೋಡಿಸಿದಳು. ಲಾಗಿನ್ ಆಗಿ ನೋಡಿದರೆ ಎಲ್ಲ ಲಕ್ಷಣವಾಗಿ ಓದುತ್ತಿತ್ತು. ಸರಿ ಎಂದು ಲಾಗೌಟ್ ಮಾಡಿ ಬಸ್ಸು ಹತ್ತುವಷ್ಟರಲ್ಲಿ ಮೈದುನನ ಫೋನು: "ಮತ್ತೆ ನಿಂತೋಯ್ತು." ಅಷ್ಟು ಬೇಗ ಇವನಿಗೆ ಹೇಗೆ ಗೊತ್ತಾಗುತ್ತದೆ?

ಒಂದು ದಿನ ಆಫೀಸಿನಲ್ಲಿ ಕೂತು, ಅಲ್ಲಿಂದಲೇ ಮನೆಯ ಕಂಪ್ಯೂಟರಿಗೆ ಬೆಳಗಿನಿಂದ ಸಂಜೆವರೆಗೂ ಲಾಗಿನ್ ಆಗಿಯೇ ಕಾವಲು ಕಾದಳು. ಇಡೀ ದಿನ ಒಂದು ಅಕ್ಷರವೂ ತಪ್ಪಲಿಲ್ಲ. ಕಳ್ಳನಿಗೆ ಕಾವಲಿನ ವಾಸನೆ ಬಡಿದಿದೆ ಅಂದುಕೊಂಡಳು. ಎಂದಿನಂತೆ ಲಾಗೌಟ್ ಮಾಡಿಯೇ ಎದ್ದಳು. ಅವಳು ಕೆಲಸ ಮಾಡುವ ಸರ್ವರ್ ಕೋಣೆಯಲ್ಲಿ ಅದು ಒಲೆ ಆರಿಸಿ ಹೊರಡುವಂಥ ಶಿಸ್ತು.

ಮನೆಗೆ ಬಂದರೆ ಮಾವ ಮೆಟ್ಟಿಲ ಅಂಚಿನಲ್ಲಿ ನಿಂತಿದ್ದರು. ಮೈದುನ ಅವರ ರಟ್ಟೆ ಹಿಡಿದುಕೊಂಡಿದ್ದ.

ಮಾವನನ್ನು ಕುರ್ಚಿಗೆ ಕೂರಿಸಿದ್ದೇ ಅವಳು ತಿರುಗಿದಳು. "ನಾನು ನೋಡ್ತಿಲ್ಲ ಅಂದಕೂಡ್ಲೆ ಆಫ್ ಮಾಡ್ತೀಯಲ್ಲ, ನಿಂಗೆ ಅಪ್ಪ ಅಷ್ಟು ಭಾರ ಆದ್ರಾ?"

ಮೈದುನನ ಮುಖ ಕಪ್ಪಿಟ್ಟಿತು. "ಅತ್ತಿಗೆ, ನಂಗೆ ಆ ಡಬ್ಬೀಲಿ ಬಾಲ ಯಾವುದು ತಲೆ ಯಾವುದು ಗೊತ್ತಿಲ್ಲ."

"ಜಗಳ ಆಮೇಲೆ ಆಡ್ರಪ್ಪಾ," ಅಂದರು ಮಾವ. "ಕೊಲೆಗಾರ ಯಾರು ಅಂತ ಹೇಳೋ ಹೊತ್ತಿಗೇ ನಿಂತಿದೆ."

ಅವಳು ಫೋನಿನಿಂದ ಲಾಗಿನ್ ಆದಳು. ಸ್ಪೀಕರ್ ಟುಂಯ್ ಎಂದು ಕೂಡಿಕೊಂಡು ಓದತೊಡಗಿತು.

"ನೋಡು! ಏನೂ ಆಗಿಲ್ಲ ಇದಕ್ಕೆ." ಅದೇ ರಭಸದಲ್ಲಿ ಲಾಗೌಟ್ ಒತ್ತಿದಳು.

ಓದು ಪದದ ನಡುವೆ ಕಡಿದುಹೋಯಿತು.

ಮೈದುನ ಎರಡೂ ಕೈ ಮೇಲೆತ್ತಿದ. ಬೆರಳಿಗೆಲ್ಲ ಅಂಟು ಮೆತ್ತಿತ್ತು. "ಈಗ್ಲೂ ನಾನೇನಾ?"

ಮತ್ತೆ ಲಾಗಿನ್: ಮಾತು. ಲಾಗೌಟ್: ಮೌನ. ಅವಳಿಗೆ ಕಿವಿ ಬಿಸಿಯಾಯಿತು. ಸದ್ದು ಹೊರಡಿಸುವ ಪ್ರೋಗ್ರಾಮು ಅವಳ ಲಾಗಿನ್ನಿನ ಜೊತೆ ಹುಟ್ಟಿ ಅದರ ಜೊತೆಗೇ ಸಾಯುತ್ತಿತ್ತು. ಅವಳಂತೆ ಅಚ್ಚುಕಟ್ಟಾಗಿ ಬಾಗಿಲು ಹಾಕಿಕೊಂಡು ಹೋಗದ ಸೋಮಾರಿಗೆ ಈ ತೊಂದರೆ ಬರುತ್ತಲೇ ಇರಲಿಲ್ಲ.

ತಾನು ಹೊರಟ ಮೇಲೂ ತನ್ನ ಕೆಲಸಗಳು ನಡೆಯುತ್ತಿರಲಿ ಎಂದು ಕಂಪ್ಯೂಟರಿಗೆ ಒಂದೇ ಸಾಲಿನ ಅಪ್ಪಣೆ ಕೊಟ್ಟಳು. ಲಾಗೌಟ್ ಮಾಡಿದಳು. ಓದು ನಿಲ್ಲಲಿಲ್ಲ. ಮಾವ ಕುರ್ಚಿಗೆ ಒರಗಿ, ಸುಮ್ಮನಿರಿ ಎಂಬಂತೆ ಕೈ ಆಡಿಸಿದರು.

"ಸರಿ ಹೋಯ್ತಾ?" ಮೈದುನ ಕೇಳಿದ.

"ಹೋಯ್ತು. ನಾನು..."

"ಆಶ್ರಮದವರಿಗೆ ಬೇಡ ಅಂತ ಹೇಳ್ತೀನಿ ಬಿಡಿ." ಬಾಗಿಲಲ್ಲಿ ನಿಂತು ಬೆರಳ ಅಂಟು ಕೀಳುತ್ತ ಅಂದ: "ನೀವು ನೋಡದೇ ಇದ್ದಾಗ್ಲೂ ನಾನು ನೆಟ್ಟಗೇ ಇರ್ತೀನಿ ಅತ್ತಿಗೆ."

ಅವನು ಕೆಳಗಿಳಿದ. ಅವಳೂ ಹಿಂದೆಯೇ ಹೊರಬಂದು ಬಾಗಿಲೆಳೆದುಕೊಂಡಳು. ಇಳಿಯುವ ಬದಲು ಹಲಗೆಗೆ ಕಿವಿ ಕೊಟ್ಟು, ಒಳಗಿನ ಓದು ಎಲ್ಲಿ ನಿಲ್ಲುತ್ತದೋ ಎಂದು ಅಲ್ಲೇ ನಿಂತಳು.