ಹಾಸಿಗೆಯಿದ್ದ ಬಸ್ಸು

ಡ್ರೈವರು ನಿವೃತ್ತನಾಗಿ ಬಹಳ ಕಾಲವಾಗಿರಲಿಲ್ಲ. ಅವನ ಹೆಂಡತಿ ತೀರಿಕೊಂಡು ಅಷ್ಟು ಕಾಲವೂ ಆಗಿರಲಿಲ್ಲ. ಜೀವಮಾನವೆಲ್ಲ ಒಂದೇ ಬಸ್ಸಿನಲ್ಲಿ ಅವನು ಮುಂದೆ, ಕಂಡಕ್ಟರಾಗಿ ಅವಳು ಹಿಂದೆ. ಪೇಟೆಯಿಂದ ಹೊರಟು, ಸಮುದ್ರದ ಅಂಚಿನಲ್ಲೇ ಸಾಗಿ, ನದಿ ಸಮುದ್ರ ಸೇರುವಲ್ಲಿ ಇದ್ದ ವೃತ್ತವನ್ನು ಸುತ್ತಿ ಹಿಂದಿರುಗುವ ಬಸ್ಸು ಅದು. ವೃತ್ತದಿಂದ ಒಂದು ರಸ್ತೆ ನದಿಯ ಜೊತೆಗೇ ಮೇಲಕ್ಕೆ ಹೋಗುತ್ತಿತ್ತು. "ಒಂದಿನ ಆ ಕಡೆ ಹೋಗ್ಬೇಕು ಕಣ್ರೀ" ಎಂದು ಅವಳು ಪ್ರತಿ ಸಲವೂ ಹೇಳುವಳು. ಇವನು ಹೂಂ ಎಂದು ಬಸ್ಸು ತಿರುಗಿಸುವನು. ಆಯುಸ್ಸೆಲ್ಲ ಹೂಂಗುಟ್ಟುವುದರಲ್ಲೇ ಕಳೆಯಿತು.

ಕೊನೆಗೆ ಮಗಳು ಹಾಸಿಗೆ, ಒಲೆ, ಕೈತೊಳೆಯುವ ತೊಟ್ಟಿ ಎಲ್ಲ ಇದ್ದ ಕ್ಯಾಂಪರ್ ವ್ಯಾನೊಂದನ್ನು ಬಾಡಿಗೆಗೆ ತಂದು, ಅಮ್ಮ ನೋಡಬೇಕೆಂದಿದ್ದ ನದಿಯನ್ನು ನೀವಾದರೂ ನೋಡಿ ಬನ್ನಿ ಎಂದು ಹಟ ಹಿಡಿದಳು. ಜೊತೆಗೆ ಅವನ ಭಾವಮೈದುನ ಹೊರಟನು. ಅವನು ಕ್ಷೌರಿಕ, ಕತ್ತಿಗಿಂತ ಬಾಯಿ ಹರಿತ. ಗಾಡಿ ಓಡಿಸಲೂ ಬರುತ್ತಿತ್ತು, ಹಿಂದಕ್ಕೆ ಒಯ್ಯುವುದೊಂದನ್ನು ಬಿಟ್ಟು.

ಅಭ್ಯಾಸಬಲ ಕೆಟ್ಟದ್ದು. ಬಸ್‌ಸ್ಟಾಪ್ ಕಂಡೊಡನೆ ಡ್ರೈವರನ ಕಾಲು ಬ್ರೇಕಿನ ಮೇಲೆ ಹೋಯಿತು. ಬುಟ್ಟಿ ಹಿಡಿದ ಮುದುಕಿಯೊಬ್ಬಳು ಹತ್ತಿ ಹಾಸಿಗೆಯ ಮೇಲೆ ಕುಳಿತು, "ಈಗ ಬಸ್ಸಲ್ಲಿ ಹಾಸಿಗೆನೂ ಕೊಡ್ತಾರಾ? ಒಳ್ಳೇದಾಯ್ತು ಬಿಡಿ" ಎಂದು ಕಾಲು ಚಾಚಿದಳು. ಇದು ಬಸ್ಸಲ್ಲವೆಂದು ಕ್ಷೌರಿಕ ವಿವರಿಸಿದನು. ಬಸ್ಸಲ್ಲದಿದ್ದರೆ ನಿಲ್ಲಿಸಿದ್ದೇಕೆಂದು ಅವಳು ಕೇಳಿದಳು. ಮುಂದಿನ ಸ್ಟಾಪಿನಲ್ಲಿ ಬಡಗಿಯೊಬ್ಬ ಬಾಗಿಲಿನ ಚೌಕಟ್ಟು ಸಮೇತ ಹತ್ತಿದನು. ಆಮೇಲೆ ಮಾತುಬಿಟ್ಟ ಗಂಡಹೆಂಡಿರು ಹತ್ತಿ, ಆ ಚೌಕಟ್ಟಿನ ಆಚೆಗೊಬ್ಬರು ಈಚೆಗೊಬ್ಬರು ಕುಳಿತರು. ಯಾರೋ ಒಲೆ ಹಚ್ಚಿ ಚಹಾ ಕಾಸಿದರು. ಕಿಟಕಿಯಾಚೆ ಸಮುದ್ರ ಫಳಫಳನೆ ಹೊಳೆಯುತ್ತಿತ್ತು. ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ.

ವೃತ್ತ ಬಂತು. ಡ್ರೈವರು ದೇವರನ್ನು ನೆನೆದು ನದಿಯ ರಸ್ತೆಯಲ್ಲಿ ಕಣ್ಣು ನೆಟ್ಟನು. ಗಾಡಿ ಮಾತ್ರ ವೃತ್ತವನ್ನು ಸುತ್ತಿ ಪೇಟೆಗೆ ಮುಖ ಮಾಡಿತು. ಮತ್ತೆ ತಿರುಗಿಸಿದನು, ಮತ್ತೆ ಅದೇ. ಗಾಣದೆತ್ತಿನ ಹಾಗೆ ಸುತ್ತಿದ್ದೇ ಸುತ್ತಿದ್ದು. ಬುಟ್ಟಿ ಉರುಳಿತು. ಮಾತುಬಿಟ್ಟವರು ಚೌಕಟ್ಟಿನ ನಡುವೆಯೇ ಒಬ್ಬರನ್ನೊಬ್ಬರು ಹಿಡಿದುಕೊಂಡರು. ತನ್ನ ಸ್ಟಾಪು ಮತ್ತೆ ಮತ್ತೆ ಬರುತ್ತಿದೆ, ಯಾವ ಸಲ ಇಳಿಯಬೇಕು ಎಂದು ಬಡಗಿ ವಿನಯದಿಂದ ವಿಚಾರಿಸಿದನು.

"ಭಾವ, ಇದು ಗಾಡಿನೋ ಬುಗುರಿನೋ?" ಎಂದನು ಕ್ಷೌರಿಕ.

ಡ್ರೈವರು ಗಾಡಿ ನಿಲ್ಲಿಸಿದನು. "ಕೈ ನನ್ ಮಾತು ಕೇಳ್ತಿಲ್ಲ ಕಣೋ. ಬದುಕಿದ್ದಾಗ ಅವಳನ್ನ ಕರ್ಕೊಂಡು ಹೋಗ್ಲಿಲ್ಲ. ಈಗ ನಾನೊಬ್ನೇ ಬಂದ್ರೂ ದಾಟಕ್ಕಾಗ್ತಿಲ್ಲ."

ಕ್ಷೌರಿಕ ಚಹಾದ ಲೋಟ ಕೆಳಗಿಟ್ಟು ಡ್ರೈವರನ ಸೀಟಿನ ಬಳಿ ಬಂದನು.

"ಹಾಗಾದ್ರೆ ಹಿಂದೆ ಹೋಗಿ ಕೂತ್ಕೊಳ್ಳಿ. ನಂಗೆ ಮುಂದಕ್ಕೆ ಹೋಗೋದು ಬಿಟ್ರೆ ಬೇರೇನೂ ಬರಲ್ಲ."

ಡ್ರೈವರು ಹಿಂದಿನ ಬಾಗಿಲ ಬಳಿ ಹೋಗಿ ಕುಳಿತನು. ಅಲ್ಲಿಂದ ಕಂಡದ್ದು ಒಂದಿಷ್ಟು ತಲೆಗಳು, ಅವುಗಳಾಚೆ ಸ್ಟಿಯರಿಂಗ್ ಹಿಡಿದವನ ಕತ್ತು. ಇಷ್ಟು ವರ್ಷ ಅವಳಿಗೆ ಕಂಡದ್ದು ತನ್ನ ಕತ್ತು ಎಂದು ಅವನಿಗೆ ಈಗ ಹೊಳೆಯಿತು. ಅದನ್ನೇ ನೋಡುತ್ತ ಸಂಸಾರ ಮಾಡಿದವಳಿಗೆ ಒಮ್ಮೆ ನದಿ ನೋಡಬೇಕೆನ್ನಿಸಿದರೆ ತಪ್ಪೇನು?

ಗಾಡಿ ಹೊರಡಲಿಲ್ಲ. ಕ್ಷೌರಿಕ ಕನ್ನಡಿಯಲ್ಲಿ ಅವನನ್ನೇ ನೋಡುತ್ತ ಕಾದಿದ್ದನು. ಉಳಿದವರೂ ತಿರುಗಿ ನೋಡಿದರು. ಡ್ರೈವರು, ಅವಳು ತಟ್ಟುತ್ತಿದ್ದಂತೆಯೇ ಅಂಗೈಯಿಂದ ಬಾಗಿಲು ತಟ್ಟಿ, "ರೈಟ್" ಎಂದನು.

ವ್ಯಾನು ವೃತ್ತದ ಕಟ್ಟೆಯನ್ನು ಕೊಂಚ ಸವರಿ, ನದಿಯ ರಸ್ತೆ ಹಿಡಿಯಿತು. ಇದು ಎಲ್ಲಿಗೆ ಹೋಗುತ್ತದೆಂದು ಮುದುಕಿ ಕೇಳಿದಳು. ತನಗೂ ತಿಳಿಯದೆಂದು ಡ್ರೈವರು ಕಣ್ಣೊರೆಸಿಕೊಂಡು ಹೇಳಿದನು.

"ಹಾಗಾದ್ರೆ ನಂಗೂ ಅಲ್ಲಿಗೇ ಒಂದು ಟಿಕೆಟ್ ಕೊಡಿ" ಎಂದಳು ಅವಳು.