ಹೋಬರ್ಟನ ಗಿಟಾರಿನ ಹೊಟ್ಟೆಯಲ್ಲಿದ್ದದ್ದು

ನಮ್ಮ ಕಡೆ ಸತ್ತವನ ಗಿಟಾರನ್ನು ಪೇಪರಿನಲ್ಲಿ ಜಾಹೀರಾತು ಕೊಟ್ಟು ಮಾರುವುದಿಲ್ಲ. ಅವನ ಹೆಂಡತಿ ಒಂದು ದಿನ ಅಂಗಡಿಯಲ್ಲಿ ಸಿಕ್ಕವರ ಹತ್ತಿರ, "ಮಂಚದ ಕೆಳಗೆ ಜಾಗ ಸಾಲ್ತಾ ಇಲ್ಲ" ಅನ್ನುತ್ತಾಳೆ. ಅಷ್ಟು ಸಾಕು. ಸಂಜೆಯೊಳಗೆ ಗ್ರೀನ್ ನದಿಯ ಎರಡೂ ದಂಡೆಗೆ ಸುದ್ದಿ ಮುಟ್ಟಿರುತ್ತದೆ. ಕೆಂಟಕಿಯ ಈ ಕಲ್ಲಿದ್ದಲ ಸೀಮೆಯಲ್ಲಿ ಕ್ಷೌರಿಕನಿಂದ ಪಾದ್ರಿಯವರೆಗೆ ಎಲ್ಲರೂ ಹೆಬ್ಬೆರಳಲ್ಲಿ ತಾಳ, ಉಳಿದ ಬೆರಳಲ್ಲಿ ರಾಗ ಹಿಡಿದು ಗಿಟಾರ್ ನುಡಿಸುವವರೇ. ನುಡಿಸಲು ಬಾರದವನು ಹೊರಗಿನವನು ಅಂತಲೇ ಲೆಕ್ಕ.

ಹೋಬರ್ಟ್ ಸ್ಟಿನೆಟ್ ತೀರಿಕೊಂಡ ಎರಡು ವರ್ಷದ ಮೇಲೆ ಅವನ ಹೆಂಡತಿ ಮಿಸ್ ವಿಲ್ಮಾ ಮಂಚದ ಮಾತು ಎತ್ತಿದರು. ಮದುವೆಯಾದವರಾದರೂ ಹಿರಿಯ ಹೆಂಗಸರನ್ನು ನಮ್ಮ ಕಡೆ ಮಿಸ್ ಅಂತಲೇ ಕರೆಯುವುದು. ನಾನು ಶಾಲೆಯ ಬಸ್ಸು ಓಡಿಸುವವನು. ಆ ಮಧ್ಯಾಹ್ನ ಮಕ್ಕಳನ್ನೆಲ್ಲ ಇಳಿಸಿದವನು ಬಸ್ಸನ್ನು ಶೆಡ್ಡಿಗೂ ಒಯ್ಯದೆ ನೇರವಾಗಿ ಅವರ ಮನೆ ಮುಂದೆ ತಂದು ನಿಲ್ಲಿಸಿದೆ. ಅವರು ಬಾಗಿಲಿಗೆ ಬಂದು, ಆ ಹಳದಿ ಬಸ್ಸನ್ನೂ ನನ್ನನ್ನೂ ಒಮ್ಮೆ ನೋಡಿದರು.

"ನಮ್ಮನೇಲಿ ಸ್ಕೂಲಿಗೆ ಹೋಗೋರು ಯಾರೂ ಇಲ್ವಲ್ಲ ರಾಯ್ಸ್" ಅಂದರು.

"ಹೀಗೇ ಈ ಕಡೆ ಬಂದೆ ಮಿಸ್ ವಿಲ್ಮಾ."

"ಹೀಗೇ ಬರೋರ ಮುಖ ಇಷ್ಟೊಂದು ಕೆಂಪಾಗಿರಲ್ಲ. ಬಾ ಒಳಗೆ."

ಇಂಥ ವ್ಯಾಪಾರಕ್ಕೊಂದು ಕ್ರಮವಿದೆ. ಅಡಿಗೆಮನೆಯಲ್ಲಿ ಕೂತು ಒಲೆಯಲ್ಲಿ ಬೇಯಿಸಿದ ದೊಡ್ಡ ಸಿಹಿ ಕಡುಬಿನ ಒಂದು ತುಂಡನ್ನು ತಿನ್ನಬೇಕು, ಚೆನ್ನಾಗಿದೆ ಅನ್ನಬೇಕು, ಇನ್ನೊಂದು ತುಂಡನ್ನೂ ತಿನ್ನಬೇಕು. ಗಿಟಾರಿನ ಮಾತನ್ನು ಮನೆಯವರೇ ಎತ್ತುವವರೆಗೆ ಬಾಯಿ ಬಿಡಬಾರದು. ನ್ಯಾಶ್‌ವಿಲ್ಲಿನಿಂದ ಬಂದ ಒಬ್ಬ ಕೂರುವ ಮೊದಲೇ ರೇಟು ಕೇಳಿದನಂತೆ, ಗೋಡೆಗೆ ತೂಗುಹಾಕಲು ಬೇಕು ಅಂದನಂತೆ. ಅವನಿಗೆ ಮಿಸ್ ವಿಲ್ಮಾ ಕಡುಬನ್ನೂ ಕೊಡಲಿಲ್ಲ.

ನಾನು ಎರಡನೇ ತುಂಡು ಮುಗಿಸಿದ ಮೇಲೆ ಅವರು ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟು ತೆರೆದರು. ಚಿಕ್ಕವನಿದ್ದಾಗ ಶನಿವಾರದ ಕುಣಿತಕ್ಕೆ ನಾನು ಹೋಗುತ್ತಿದ್ದದ್ದೇ ಈ ಗಿಟಾರನ್ನು ನೋಡಲು. ಹುಡುಗಿಯರನ್ನು ನೋಡಲು ಹೋಗುತ್ತಿದ್ದ ಅಂತ ನನ್ನ ಹೆಂಡತಿ ಜೀನೆಟ್ ಈಗಲೂ ಅನ್ನುತ್ತಾಳೆ. ಕರೆಂಟಿನ ಗಿಟಾರೇ, ಆದರೆ ಒಳಗೆಲ್ಲ ಟೊಳ್ಳು. ವಯಲಿನ್ನಿನ ಹಾಗೆ ಉಬ್ಬಿದ ಎದೆ, ಆ ಎದೆಯ ಮೇಲೆ ವಯಲಿನ್ನಿನದೇ ಥರದ ಎರಡು ಉದ್ದ ಸೀಳು. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಕಾಫಿ ಡಿಕಾಕ್ಷನ್ನಿನ ಬಣ್ಣ. ಹೋಬರ್ಟನ ಮೊಳಕೈ ಒರಗುತ್ತಿದ್ದ ಕಡೆ ಪಾಲಿಶ್ ಸವೆದು ಬರಿಯ ಮರ ಕಾಣುತ್ತಿತ್ತು.

ಬೆಲೆಯನ್ನು ಅವರೇ ಹೇಳಿದರು, ನಾನು ಹೂಂ ಅಂದೆ. ಅದು ದೊಡ್ಡ ವಿಷಯವಲ್ಲ. ದೊಡ್ಡದು ಅದರ ಮೇಲೆ ಬಂದ ಷರತ್ತು.

"ಶನಿವಾರ ಫೈರ್ ಸ್ಟೇಷನ್ನಲ್ಲಿ ಮೀನೂಟ ಇದೆಯಲ್ಲ, ಅಲ್ಲಿ ಇದನ್ನ ನುಡಿಸು. ಹೋಬರ್ಟ್ ಕುಣಿತಕ್ಕೆ ನುಡಿಸ್ತಿದ್ದ ವಾಲ್ಟ್ಜ್ ನಿನಗೆ ಬರುತ್ತೆ ತಾನೆ? ನಾನು ಎದ್ದು ಕುಣಿದ್ರೆ ಗಿಟಾರ್ ನಿಂದು. ಕುರ್ಚಿ ಬಿಟ್ಟು ಏಳದೇ ಇದ್ರೆ, ಸೋಮವಾರ ಬಸ್ಸಲ್ಲಿ ಕೂರಿಸ್ಕೊಂಡು ವಾಪಸ್ ತಂದುಬಿಡು."

ಮನೆಗೆ ತಂದವನು ಅದನ್ನು ಬಾಣಂತಿಯ ಹಾಗೆ ನೋಡಿಕೊಂಡೆ. ಒಲೆಯ ಹತ್ತಿರ ಇಡಲಿಲ್ಲ, ಒಣ ಶಾಖಕ್ಕೆ ಹಳೆಯ ಮರ ಸೀಳುತ್ತದೆ. ಬಸ್ಸಿನಲ್ಲಿ ಬಿಡಲಿಲ್ಲ. ಮೆತ್ತನೆಯ ಹಳೆ ಬನಿಯನ್ ಕೊಂಚವೇ ಒದ್ದೆ ಮಾಡಿ ಎರಡು ವರ್ಷದ ಧೂಳನ್ನು ಒರೆಸಿದೆ. ಹೋಬರ್ಟನ ಮೊಳಕೈ ಸವೆಸಿದ ಜಾಗಕ್ಕೆ ಮಾತ್ರ ಬಟ್ಟೆ ತಾಗಿಸಲಿಲ್ಲ. ತಂತಿ ಬದಲಾಯಿಸುವುದರಲ್ಲೇ ನೂರಾರು ಜನ ಎಡವುತ್ತಾರೆ. ಈ ಥರದ ಗಿಟಾರಿನಲ್ಲಿ ತಂತಿಗಳನ್ನು ಹೊತ್ತ ಮರದ ಕುದುರೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ತಂತಿಗಳ ಬಿಗಿಯಲ್ಲೇ ಅದು ನಿಂತಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಕುದುರೆ ಕೆಳಗೆ ಬಿದ್ದು ಶ್ರುತಿ ಹಾಳಾಗುತ್ತದೆ. ನಾನು ಒಂದು ತಂತಿ ಬಿಚ್ಚಿ, ಅದರ ಜಾಗಕ್ಕೆ ಹೊಸದನ್ನು ಕಟ್ಟಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಆಗಲೇ ಸೀಳಿನೊಳಗೆ ಬೂದು ಬಣ್ಣದ್ದೇನೋ ಕಂಡಿತು.

"ಇಲಿ ಗೂಡು ಕಟ್ಟಿದೆ ಕಣೆ" ಎಂದೆ.

ತಂತಿಯ ಕೊಕ್ಕೆ ಮಾಡಿ ಎಳೆದೆ. ಬಂದದ್ದು ಒಂದು ಕಾಲುಚೀಲ. ಅದರ ಹಿಂದೆ ಕಂದು ಉಣ್ಣೆಯದೊಂದು. ಆಮೇಲೆ ಹಿಮ್ಮಡಿಗೆ ಕೆಂಪು ದಾರದಲ್ಲಿ ತೇಪೆ ಹಾಕಿದ ಹಸಿರು ಕಾಲುಚೀಲ. ಎಳೆದಷ್ಟೂ ಬರುತ್ತಿದ್ದವು, ಒಂದಕ್ಕೊಂದು ಜೋಡಿಯಿಲ್ಲ.

ಜೀನೆಟ್ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಈ ಇಲಿಗೆ ಎಷ್ಟು ಕಾಲಪ್ಪಾ?"

"ಮಂಚದ ಕೆಳಗೆ ಇಡೋ ಮುಂಚೆ ಅವನೇ ತುರುಕಿರ್ತಾನೆ. ಬೂಟು ಎತ್ತಿಡುವಾಗ ಒಳಗೆ ಪೇಪರು ತುರುಕ್ತೀವಲ್ಲ, ಹಾಗೆ."

"ಒಂದ್ಸಲ ವಿಲ್ಮಾನ ಕೇಳಬಾರದಾ?"

"ಹೊಲಸು ಕಾಲುಚೀಲಾನ ಏನಂತ ಕೇಳಲೇ?"

ಅವನ್ನೆಲ್ಲ ಒಯ್ದು ಹಿತ್ತಲಲ್ಲಿ ಕಸ ಸುಡುವ ಡ್ರಮ್ಮಿಗೆ ಹಾಕಿ ಬೆಂಕಿ ಕೊಟ್ಟೆ. ಬಂದು ಜಗಲಿಯಲ್ಲಿ ಕೂತು ನುಡಿಸಿದರೆ, ಆಹಾ, ಆ ಟೊಳ್ಳು ಹೊಟ್ಟೆಯಿಂದ ಎಂಥ ತುಂಬು ನಾದ! ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರ ನಿಲ್ಲಿಸಿ ಕೇಳಿದ. ಗಿಟಾರ್ ನನ್ನದಾಯಿತು ಅಂದುಕೊಂಡೆ.

ಶನಿವಾರ ಸಂಜೆ ಫೈರ್ ಸ್ಟೇಷನ್ನಿನ ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಕರಿದ ಮೀನು, ಜೋಳದ ಹಿಟ್ಟಿನ ಉಂಡೆ, ಎಲೆಕೋಸಿನ ಕೋಸಂಬರಿ. ಮಿಸ್ ವಿಲ್ಮಾ ನೀಲಿ ಫ್ರಾಕು ತೊಟ್ಟು ಮುಂದಿನ ಸಾಲಿನಲ್ಲೇ ಕೂತಿದ್ದರು. ಬೇಸ್ ನುಡಿಸುವ ಡೆನ್ನಿ, "ಹೊಸ ಹೆಂಡತೀನ ಕರ್ಕೊಂಡು ಬಂದ ಹಾಗಿದೀಯಲ್ಲೋ" ಎಂದ. "ಹಳೇ ಹೆಂಡತಿ ಇಲ್ಲೇ ಇದೀನಿ" ಎಂದಳು ಜೀನೆಟ್.

ಜಗಲಿಯಲ್ಲಿ ಒಬ್ಬನೇ ಕೂತು ನುಡಿಸುವುದು ಬೇರೆ. ಡ್ರಮ್ಮಿನವನ ಮುಂದೆ, ಬೆನ್ನಿಗೇ ದೊಡ್ಡ ಆಂಪ್ಲಿಫೈಯರ್ ಇಟ್ಟುಕೊಂಡು ನುಡಿಸುವುದು ಬೇರೆ. ನನ್ನ ಜೀವಮಾನವೆಲ್ಲ ಗಟ್ಟಿ ಮರದ ಗಿಟಾರಿನಲ್ಲೇ ಕಳೆದಿತ್ತು. ಅದರ ಮುಂದೆ ಎಷ್ಟು ಸದ್ದು ಮಾಡಿದರೂ ಅದು ಕಿವುಡನಂತೆ ಸುಮ್ಮನಿರುತ್ತದೆ. ಟೊಳ್ಳು ಗಿಟಾರು ಹಾಗಲ್ಲ. ಆಂಪ್ಲಿಫೈಯರಿನಿಂದ ಹೊರಟ ಸದ್ದು ಅದರ ಹೊಟ್ಟೆಗೇ ಹೊಕ್ಕಿತು, ಹೊಟ್ಟೆ ನಡುಗಿತು, ಆ ನಡುಕ ಮತ್ತೆ ಆಂಪ್ಲಿಫೈಯರಿಗೆ ಹೋಯಿತು. ವಾಲ್ಟ್ಜಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಗಿಟಾರು ತನ್ನಷ್ಟಕ್ಕೆ ತಾನೇ ಊಳಿಡಲು ಶುರುಮಾಡಿತು. ಕೂಸುಗಳು ಅತ್ತವು. ಊಟ ಮಾಡುತ್ತಿದ್ದವರು ಮೀನು ಬಿಟ್ಟು ಕಿವಿ ಮುಚ್ಚಿಕೊಂಡರು. ಸದ್ದು ತಗ್ಗಿಸಿದರೆ ಡ್ರಮ್ಮಿನಲ್ಲಿ ಮುಳುಗಿಹೋಗುತ್ತಿತ್ತು. ಏರಿಸಿದರೆ ಮತ್ತೆ ಊಳು.

ಮಿಸ್ ವಿಲ್ಮಾ ಎದ್ದರು. ಆದರೆ ಕುಣಿಯಲಿಕ್ಕಲ್ಲ. ನೇರ ನನ್ನ ಮುಂದೆ ಬಂದು ನಿಂತರು.

"ನಲವತ್ತು ವರ್ಷ ಅವನ ಕೈಯಲ್ಲಿ ಇದು ಒಂದಿನಾನೂ ಹೀಗೆ ಅರಚಿರಲಿಲ್ಲ. ಏನು ಮಾಡಿದೆ ಇದಕ್ಕೆ?"

"ಏನೂ ಇಲ್ಲ ಮಿಸ್ ವಿಲ್ಮಾ. ಒರೆಸಿದೆ, ತಂತಿ ಹಾಕಿದೆ. ಒಳಗಿದ್ದ ಕಾಲುಚೀಲ ತೆಗೆದೆ, ಅಷ್ಟೆ."

ಹೇಳುತ್ತ ಹೇಳುತ್ತಲೇ ನನಗೆ ಎಲ್ಲ ಹೊಳೆಯಿತು. ಆ ಹೊಟ್ಟೆ ನಡುಗದಿರಲೆಂದೇ ಹೋಬರ್ಟ್ ಅವನ್ನು ತುರುಕಿದ್ದ. ಇಲಿ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿ ಇಟ್ಟವನ ಕಥೆ ಕೇಳಿದ್ದೆ. ನನ್ನ ವಿಷಯದಲ್ಲಿ ಇಲಿಯೂ ಇರಲಿಲ್ಲ. ಇಂಗು ತಿಂದ ಮಂಗನ ಹಾಗೆ ನಿಂತೆ.

"ಯಾವ ಕಾಲುಚೀಲ?" ಎಂದರು ಮಿಸ್ ವಿಲ್ಮಾ.

"ಕಂದು ಉಣ್ಣೇದೊಂದಿತ್ತು. ಬೂದು ಬಣ್ಣದ್ದು. ಹಸಿರು ಬಣ್ಣದ್ದೊಂದು, ಹಿಮ್ಮಡಿಗೆ ಕೆಂಪು ದಾರದ ತೇಪೆ."

"ಒಂದೊಂದೇ? ಜೋಡಿ ಇರಲಿಲ್ವಾ?"

"ಇರಲಿಲ್ಲ."

ಅವರು ಅಲ್ಲೇ ಇದ್ದ ಕುರ್ಚಿಯ ಮೇಲೆ ಕುಸಿದು ಕೂತರು. ಹೆಗಲು ಅಲುಗಾಡುತ್ತಿದ್ದವು. ಅಳುತ್ತಿದ್ದಾರೆಂದು ಜೀನೆಟ್ ಓಡಿ ಬಂದಳು. ಮಿಸ್ ವಿಲ್ಮಾ ನಗುತ್ತಿದ್ದರು. ಕಣ್ಣಲ್ಲಿ ನೀರೂ ಇತ್ತು, ಅದು ಬೇರೆ ಮಾತು.

"ಒಗೆದು ಹಾಕಿದ್ರೆ ಯಾವಾಗಲೂ ಒಂದು ಕಡಿಮೆ. ಬಿಸ್ಕಿಟ್ ಅಂತ ನಮ್ಮ ನಾಯಿ ಇದ್ದನಲ್ಲ, ಅವನೇ ಕಾಲುಚೀಲ ಕದೀತಾನೆ ಅಂತ ಬೈದು ಬೈದು ಸಾಕಾದೆ. ಅವನನ್ನ ಚಳೀಲಿ ಹೊರಗೆ ಮಲಗಿಸಿದೀನಿ ಕಣೆ ಜೀನೆಟ್. ಆಗೆಲ್ಲ ಈ ಹೋಬರ್ಟ್ ನನ್ನ ಪಕ್ಕ ನಿಂತ್ಕೊಂಡು, 'ಕಳ್ಳ ನಾಯಿ' ಅಂತಿದ್ದ!"

ಅಲ್ಲಿದ್ದವರೆಲ್ಲ ನಕ್ಕರು. ನನಗೊಬ್ಬನಿಗೆ ನಗು ಬರಲಿಲ್ಲ. "ಎಲ್ಲಾನೂ ಸುಟ್ಟುಬಿಟ್ಟೆ ಮಿಸ್ ವಿಲ್ಮಾ" ಎಂದೆ.

ಅವರು ಕಣ್ಣೊರೆಸಿಕೊಂಡು, "ಮತ್ತೆ ನಿಂತಿರೋದ್ಯಾಕೆ? ಬೂಟು ಬಿಚ್ಚು" ಎಂದರು.

ನಾನು ಬೂಟು ಬಿಚ್ಚಿದೆ. ಡೆನ್ನಿಯೂ ಬಿಚ್ಚಿದ. "ನಮ್ಮವನದನ್ನ ಮಧ್ಯದಲ್ಲಿ ತುರುಕಿ, ವಾಸನೆಗೆ ಗಿಟಾರು ಉಸಿರುಗಟ್ಟಿ ಸುಮ್ಮನಾಗುತ್ತೆ" ಅಂದಳು ಜೀನೆಟ್. ಸಾಲದೆ ಬಂದಾಗ ಫೈರ್ ಸ್ಟೇಷನ್ನಿನವರು ತಮ್ಮವನ್ನೂ ಕೊಟ್ಟರು. ಚಮಚದ ಹಿಡಿಯಲ್ಲಿ ಎಲ್ಲವನ್ನೂ ಸೀಳಿನೊಳಗೆ ತಳ್ಳಿ, ಬರಿಗಾಲಲ್ಲಿ ನಿಂತು ವಾಲ್ಟ್ಜನ್ನು ಮೊದಲಿನಿಂದ ಎತ್ತಿಕೊಂಡೆ. ಗಿಟಾರು ಕೂಗಲಿಲ್ಲ. ಸ್ವರ ದುಂಡಗೆ, ಬೆಚ್ಚಗೆ ಬಂತು. ನಾನು ಚಿಕ್ಕವನಿದ್ದಾಗ ವೇದಿಕೆಯ ಕೆಳಗೆ ನಿಂತು ಕೇಳಿದ್ದ ಅದೇ ಸ್ವರ. ಮಿಸ್ ವಿಲ್ಮಾ ಡೆನ್ನಿಯ ಅಪ್ಪನ ಕೈ ಹಿಡಿದು ಮೇಜುಗಳ ನಡುವೆ ಒಂದು ಸುತ್ತು ತಿರುಗಿದರು. ಆಮೇಲೆ ಇನ್ನೊಂದು ಸುತ್ತು. ನೀಲಿ ಫ್ರಾಕು ಬೀಸುತ್ತಿತ್ತು.

ಆದರೆ ಹಾಡು ಮುಗಿದ ಮೇಲೆ ಅವರು ಬಂದು, "ಕುಣಿದದ್ದು ಹೌದು. ಆದ್ರೆ ನಿಮ್ಮೆಲ್ಲರ ಕಾಲುಚೀಲಕ್ಕೆ ನಾನು ಗಿಟಾರ್ ಕೊಡಲ್ಲ. ನಾಳೆ ಚರ್ಚ್ ಮುಗಿದ ಮೇಲೆ ತಗೊಂಡು ಬಾ" ಎಂದು ಹೊರಟುಹೋದರು. ಭಾನುವಾರದ ಪ್ರಾರ್ಥನೆಯಲ್ಲಿ ಪಾದ್ರಿ ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ.

ಹೋದರೆ ಮೇಜಿನ ಮೇಲೆ ಕಡುಬಿರಲಿಲ್ಲ, ಕಪಾಟಿನ ಒಂದು ಇಡೀ ಡ್ರಾಯರು ಇತ್ತು. ಅದರ ತುಂಬ ಕಾಲುಚೀಲ. ಕಂದು ಉಣ್ಣೆಯದು, ಬೂದು ಬಣ್ಣದ್ದು. ಎಲ್ಲ ಒಂಟಿ, ಎಲ್ಲ ಒಗೆದು ಮಡಿಸಿದವು.

"ಜೊತೇದು ಇವತ್ತಲ್ಲ ನಾಳೆ ಸಿಗುತ್ತೆ ಅಂತ ಒಂದನ್ನೂ ಎಸೀಲಿಲ್ಲ" ಎಂದರು. "ಅವನು ಹೋದ ಮೇಲೂ ಎಸೆಯೋಕೆ ಮನಸ್ಸು ಬರಲಿಲ್ಲ. ತೆಗಿ ಆ ಫೈರ್ ಸ್ಟೇಷನ್ನಿನ ಕೊಳಕನ್ನೆಲ್ಲ."

ನಾನು ಕೊಕ್ಕೆಯಿಂದ ಎಳೆದು ಖಾಲಿ ಮಾಡಿದೆ. ಅವರು ಒಂದೊಂದಾಗಿ ತುಂಬಿದರು. ಕೊನೆಗೆ ಉಳಿದದ್ದು ಹಸಿರು. ಅದರ ಹಿಮ್ಮಡಿಗೂ ಕೆಂಪು ದಾರದ ತೇಪೆಯಿತ್ತು. ಅದನ್ನು ಸ್ವಲ್ಪ ಹೊತ್ತು ಅಂಗೈಯಲ್ಲಿ ಸವರಿ, ಅದನ್ನೂ ಒಳಗೆ ತಳ್ಳಿದರು.

"ಇನ್ನು ಇದು ನಿಂದು" ಎಂದರು. "ಯಾವತ್ತೂ ಇಷ್ಟು ಚೊಕ್ಕಟ ಮಾಡಬೇಡ."

ನಾನು ಏನೋ ಹೇಳಲು ಹೋದೆ. ಅವರು ಕೇಳಲಿಲ್ಲ; ಆಗಲೇ ಹಿತ್ತಲ ಬಾಗಿಲು ತೆರೆದಿದ್ದರು.

"ಬಾ. ಆ ಸೇಬಿನ ಮರದ ಕೆಳಗೆ ನಮ್ಮ ನಾಯಿ ಬಿಸ್ಕಿಟ್‌ನ ಮಣ್ಣು ಮಾಡಿರೋದು. ನೀನೊಂದು ಹಾಡು ನುಡಿಸ್ತಾ ಇರು. ಅವನಿಗೆ ನಾನೊಂದು ಮಾತು ಹೇಳೋದಿದೆ."